ಕಸದ ಚೀಲಕ್ಕೆ ಕಣ್ಣು ಬಂದಾಗ

ಮಸ್ಕತ್ತಿನಿಂದ ನಿಜ್ವಾಕ್ಕೆ ಹೋಗುವ ಹೆದ್ದಾರಿ ಕಡಲಬದಿಯ ಬಯಲನ್ನು ಬಿಟ್ಟು ಹಜರ್ ಬೆಟ್ಟಗಳತ್ತ ತಿರುಗುವಲ್ಲಿ ರುಸೈಲ್ ಇದೆ. ಒಮಾನಿನ ಮೊದಲ ಕೈಗಾರಿಕಾ ವಸಾಹತು ಹುಟ್ಟಿಕೊಂಡದ್ದು ಇಲ್ಲಿ, 1983ರಲ್ಲಿ. ಅನಿಲ ಉರಿಸಿ ವಿದ್ಯುತ್ ತೆಗೆಯುವ ಸ್ಥಾವರ, ಮಿಸ್ಫಾ ಕಡೆಯ ಕಲ್ಲುಗಣಿಗಳು, ಒಮಾನ್ ಸಿಮೆಂಟ್ ಕಂಪನಿಯ ಕಾರ್ಖಾನೆ, ಸಾಲುಸಾಲು ಶೆಡ್ಡುಗಳು, 2003ರಲ್ಲಿ ಶುರುವಾದ ನಾಲೆಜ್ ಓಯಸಿಸ್ ಮಸ್ಕತ್ ಎಂಬ ಐಟಿ ಪಾರ್ಕು: ಊರಿನ ಗುರುತು ಹೇಳಬೇಕಾದರೆ ಇವನ್ನೇ ಹೇಳಬೇಕು. ಪ್ರವಾಸದ ಕೈಪಿಡಿಗಳಿಗೆ ಇದು ದಾಟಿಹೋಗುವ ಒಂದು ತಿರುವು. ಸೀಬ್, ಮಾಬೇಲಾಗಳ ಇಂಡಿಯನ್ ಸ್ಕೂಲುಗಳಿಗೆ ಹೋಗುವ ಮಂಗಳೂರು, ಉಡುಪಿ, ಭಟ್ಕಳ ಮೂಲದ ಮನೆಗಳ ಮಕ್ಕಳಿಗೆ ಮಾತ್ರ ಇದು ಕಣ್ಣೆದುರಿನ ಲೋಕ. ಆ ಮಕ್ಕಳು ರಜೆಗೆ ಊರಿಗೆ ಬಂದಾಗ, ಅಲ್ಲೇನಿದೆ, ಬರೀ ಮರಳು, ಬರೀ ಫ್ಯಾಕ್ಟರಿ, ಪ್ರಕೃತಿ ನೋಡಬೇಕಾದರೆ ಇಲ್ಲಿ ನೋಡು ಎಂದು ಹಿರಿಯರು ತೋಟ, ತೋಡು, ಗುಡ್ಡ ತೋರಿಸುವುದುಂಟು. ಜೀವ ಇರುವುದು ಹಸಿರಿನಲ್ಲಿ, ಕಾರ್ಖಾನೆಯ ಬೇಲಿಯೊಳಗೆ ಇರುವುದು ಬರೀ ಸಾಮಾನು ಎಂಬ ನಂಬಿಕೆ ಆ ಮಾತಿನಲ್ಲಿ ಅಡಗಿದೆ. ಸರಿಯಾಗಿ ಅದೇ ನಂಬಿಕೆಯಿಂದ 2010ರಲ್ಲಿ ಒಂದು ವಿಡಿಯೊ ಗೇಮನ್ನು ಅದರ ಅಭಿಮಾನಿಗಳೇ ಹೀಗಳೆದರು. ಅದು ಕಾಲ್ಪನಿಕ ಜೀವಿಗಳನ್ನು ಹಿಡಿದು, ಸಾಕಿ, ಕಾದಾಡಿಸುವ ಪೊಕೆಮಾನ್ ಸರಣಿಯ ಬ್ಲ್ಯಾಕ್ ಮತ್ತು ವೈಟ್.

ಅಂಗೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಡಿಎಸ್ ಯಂತ್ರಕ್ಕಾಗಿ ಗೇಮ್ ಫ್ರೀಕ್ ಸಂಸ್ಥೆ ತಯಾರಿಸಿದ ಈ ಜೋಡಿ ಆಟ ಜಪಾನಿನಲ್ಲಿ 2010ರ ಸೆಪ್ಟೆಂಬರ್ 18ರಂದು, ಯುರೋಪು ಮತ್ತು ಅಮೆರಿಕಗಳಲ್ಲಿ 2011ರ ಮಾರ್ಚಿನಲ್ಲಿ ಬಿಡುಗಡೆಯಾಯಿತು. ಪತ್ರಿಕೆಗಳೇನೂ ಅದನ್ನು ಬಯ್ಯಲಿಲ್ಲ. ಜಪಾನಿನ ಫಮಿತ್ಸು ಪತ್ರಿಕೆ 40ಕ್ಕೆ 40 ಅಂಕ ಕೊಟ್ಟಿತು. ಒಂದೂವರೆ ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವು. ಹಾಗಾಗಿ ಇದನ್ನು ಸೋತ ಆಟ ಎಂದರೆ ಸುಳ್ಳಾಗುತ್ತದೆ. ಮೂಗು ಮುರಿದವರು ಆಟಗಾರರು, ಅದರಲ್ಲೂ ಹಿಂದಿನ ಆಟಗಳನ್ನು ಎದೆಗವಚಿಕೊಂಡವರು. ಹೊಸ ಜೀವಿಗಳಲ್ಲಿ ಒಂದು ಹರಿದ ಕಸದ ಚೀಲ, ಹೆಸರು ಟ್ರಬಿಶ್. ಇನ್ನೊಂದು ಹಲ್ಲಿಗೆ ಹಲ್ಲು ಕೂಡಿಸಿಕೊಂಡ ಎರಡು ಗಿಯರುಗಳು, ಹೆಸರು ಕ್ಲಿಂಕ್. ಮತ್ತೊಂದು ಕೋನ್ ಐಸ್‌ಕ್ರೀಮಿನಂತಿರುವ ವೆನಿಲೈಟ್. ಇವೂ ಪ್ರಾಣಿಗಳೇ, ಕಲ್ಪನೆ ಬತ್ತಿಹೋಯಿತೇ ಎಂದು ನಕ್ಕರು. ಸಾಲದ್ದಕ್ಕೆ ಕಥೆ ಮುಗಿಯುವವರೆಗೆ ಪಿಕಾಚು ಸೇರಿ ಹಳೆಯ ಒಂದೇ ಒಂದು ಜೀವಿಯೂ ಕೈಗೆ ಸಿಗುವುದಿಲ್ಲ. ಅದರ ಮೇಲೆ, ಪ್ರಾಣಿಗಳನ್ನು ಹಿಡಿಯುವುದು ತಪ್ಪಲ್ಲವೇ ಎಂದು ಉಪದೇಶ ಮಾಡುವ ಒಂದು ಕಥೆ. ಈ ಮೂರನ್ನೂ ಮೂರು ಬೇರೆ ಬೇರೆ ದೋಷಗಳೆಂದು ಎಣಿಸಲಾಯಿತು. ಅವು ಒಂದೇ ಯೋಚನೆಯಿಂದ ಹೊರಟವು, ಒಂದನ್ನು ತೆಗೆದರೆ ಉಳಿದೆರಡು ನಿಲ್ಲುವುದಿಲ್ಲ ಎಂಬುದು ನನ್ನ ವಾದ.

ಕೊಲ್ಲಿ ನಾಡುಗಳಲ್ಲಿ ಪೊಕೆಮಾನ್ ಬಗೆಗಿನ ತಿರಸ್ಕಾರ ಹಳೆಯದು, ಅದರ ಜಾತಿಯೇ ಬೇರೆ. 2001ರಲ್ಲಿ ಸೌದಿ ಅರೇಬಿಯಾದ ಧಾರ್ಮಿಕ ಮುಖಂಡರು ಇದು ಜೂಜಿಗೆ ಸಮಾನ ಎಂದು ಫತ್ವಾ ಹೊರಡಿಸಿ ಆಟವನ್ನೂ ಕಾರ್ಡುಗಳನ್ನೂ ನಿಷೇಧಿಸಿದರು. 2016ರಲ್ಲಿ ಪೊಕೆಮಾನ್ ಗೋ ಎಂಬ ಮೊಬೈಲ್ ಆಟ ಬಂದಾಗ ಹಳೆಯ ಫತ್ವಾ ಮತ್ತೆ ಹೊರಬಂತು. ಅದೇ ವರ್ಷ ನಮ್ಮ ಗುಜರಾತಿನ ಹೈಕೋರ್ಟಿನಲ್ಲಿ, ದೇವಸ್ಥಾನಗಳ ಜಾಗದಲ್ಲಿ ಆಟದ ಮೊಟ್ಟೆಗಳು ಸಿಗುತ್ತವೆ, ಇದು ಭಕ್ತರ ಭಾವನೆಗೆ ಧಕ್ಕೆ ಎಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ದಾಖಲಾಯಿತು. ಇವೆಲ್ಲ ಹೊರಗೆ ನಿಂತವರ ಆಕ್ಷೇಪಗಳು. ಬ್ಲ್ಯಾಕ್ ಮತ್ತು ವೈಟ್ ಆಟವನ್ನು ಹಳಿದವರು ಒಳಗಿನವರು. ಸರಣಿ ಅವರಿಗೆ ಬಾಯಿಪಾಠವಾಗಿತ್ತು, ತೊಂದರೆಯಾದದ್ದೂ ಅದರಿಂದಲೇ.

ಈ ಸರಣಿಯ ಮೂಲವನ್ನು ಸ್ವಲ್ಪ ನೋಡಬೇಕು. ಪೊಕೆಮಾನನ್ನು ಕಲ್ಪಿಸಿದ ಸತೋಶಿ ತಜಿರಿ 1965ರಲ್ಲಿ ಹುಟ್ಟಿ, ಟೋಕಿಯೊ ಅಂಚಿನ ಮಚಿದಾದಲ್ಲಿ ಹುಳ ಹಿಡಿಯುತ್ತಾ ಬೆಳೆದವರು. ಅವರ ಬಾಲ್ಯದ ಗದ್ದೆ, ಕೆರೆಗಳ ಮೇಲೆ ಕಣ್ಣೆದುರೇ ಮನೆಗಳೂ ಅಂಗಡಿಗಳೂ ಎದ್ದವು. ಹುಳ ಹಿಡಿಯುವ ಸುಖವನ್ನು ಮುಂದಿನ ಮಕ್ಕಳಿಗೆ ಬೇರೆ ದಾರಿಯಲ್ಲಿ ಮುಟ್ಟಿಸಬೇಕೆಂಬ ಆಸೆಯಿಂದ, 1996ರ ಫೆಬ್ರುವರಿಯಲ್ಲಿ ಬಂದ ಮೊದಲ ಜೋಡಿ ಆಟ ರೂಪುಗೊಂಡಿತು. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಕಳೆದುಹೋದ ಹಸಿರಿಗಾಗಿ ಹಂಬಲ ಎಂಬ ಅರ್ಥದಲ್ಲಿ. ಆದರೆ ಅದರಲ್ಲಿ ಇನ್ನೊಂದು ಎಳೆ ಇದೆ. ಗದ್ದೆ ಹೋದ ಮೇಲೆ ತಜಿರಿ ಸೇರಿಕೊಂಡದ್ದು ಹೊಸ ಪೇಟೆಯ ವಿಡಿಯೊ ಗೇಮ್ ಅಂಗಡಿಗಳನ್ನು. 1983ರಲ್ಲಿ ಗೇಮ್ ಫ್ರೀಕ್ ಎಂಬ ಹೆಸರಿನಲ್ಲಿ ಅವರು ಹೊರಡಿಸಿದ್ದು ಗೇಮುಗಳ ಬಗೆಗಿನ ಪತ್ರಿಕೆ, ಅದೇ 1989ರಲ್ಲಿ ಕಂಪನಿಯಾಯಿತು. ಅಂದರೆ ಹುಳ ಹುಡುಕುತ್ತಿದ್ದ ಅದೇ ಕುತೂಹಲ ಸಿಮೆಂಟಿನ ನಡುವೆಯೂ ಬದುಕಿಕೊಂಡಿತು. ಹಂಬಲದ ಎಳೆಯನ್ನು ಹಿಡಿದು ಸರಣಿಯ ಮೊದಲ ನಾಲ್ಕು ನಾಡುಗಳು ಜಪಾನಿನ ಕಾಂತೊ, ಕನ್ಸಾಯ್, ಕ್ಯೂಶು, ಹೊಕ್ಕೈದೊ ಸೀಮೆಗಳ ಅಚ್ಚಿನಲ್ಲಿ ಮೂಡಿದವು. ಐದನೆಯ ನಾಡು ಯುನೊವಾ ಮಾತ್ರ ನ್ಯೂಯಾರ್ಕ್ ನಗರ ಮತ್ತು ಅದರ ಸುತ್ತಿನ ಪ್ರದೇಶದ ನಕಲು. ಗಗನಚುಂಬಿಗಳು, ಉದ್ದದ ತೂಗುಸೇತುವೆಗಳು, ಬಂದರಿನ ಶೀತಲಗೃಹ, ಮರುಭೂಮಿಯ ನಡುವೆ ಕಾಮಗಾರಿ ಮುಗಿಯದ ಹೆದ್ದಾರಿ. ಅಂಥ ನಾಡಿನಲ್ಲಿ ಯಾವ ಜೀವಿ ವಿಕಾಸವಾಗಬೇಕು? ಅಲ್ಲೂ ಜಿಂಕೆ, ಮೊಲಗಳನ್ನೇ ಬಿಟ್ಟಿದ್ದರೆ ಅದು ಪ್ರಾಣಿಸಂಗ್ರಹಾಲಯವಾಗುತ್ತಿತ್ತು, ನಾಡಾಗುತ್ತಿರಲಿಲ್ಲ.

ಟ್ರಬಿಶ್ ಬಗ್ಗೆ ಆಟದೊಳಗಿನ ಜೀವಿಕೋಶ, ಅಂದರೆ ಜೀವಿಗಳ ವಿಶ್ವಕೋಶ, ಕೊಡುವ ವಿವರಣೆ ಚಿಕ್ಕದು: ಕಸದ ಚೀಲಗಳೂ ಕಾರ್ಖಾನೆಯ ತ್ಯಾಜ್ಯವೂ ಸೇರಿ ನಡೆದ ರಾಸಾಯನಿಕ ಕ್ರಿಯೆಯಿಂದ ಇದು ಹುಟ್ಟಿತು. ಬೆಳೆದು ಗಾರ್ಬೊಡಾರ್ ಆದಾಗ ಕಸವನ್ನು ನುಂಗಿ ತನ್ನ ಮೈಯನ್ನೇ ಮಾಡಿಕೊಳ್ಳುತ್ತದೆ. ಇದನ್ನು ಹಾಸ್ಯವೆಂದು ತಳ್ಳಿಹಾಕಿದವರು ಮೊದಲ ಆಟದಲ್ಲೇ ಇದ್ದ ಗ್ರೈಮರನ್ನು ಮರೆತಿದ್ದರು. ಅದು ಕೊಳಚೆಯ ಮುದ್ದೆ. ವೋಲ್ಟಾರ್ಬ್ ಎಂಬುದಂತೂ ಜೀವಿಗಳನ್ನು ಹಿಡಿಯುವ ಚೆಂಡಿಗೇ ಎರಡು ಕಣ್ಣು ಬರೆದದ್ದು, ಮ್ಯಾಗ್ನಮೈಟ್ ಒಂದು ಆಯಸ್ಕಾಂತ. 1996ರ ಕೊಳಚೆ ಮುದ್ದಾಗಿ 2010ರ ಕಸ ಹೇಸಿಗೆಯಾದರೆ, ವ್ಯತ್ಯಾಸ ಇರುವುದು ನೋಡುವವರ ವಯಸ್ಸಿನಲ್ಲಿ. ಹಳೆಯ ಸಾಮಾನುಗಳಿಗೆ ಕಾಲಾಂತರದಲ್ಲಿ ಜೀವ ಬರುತ್ತದೆ ಎಂಬ ನಂಬಿಕೆ ಜಪಾನಿನ ಜನಪದದಲ್ಲಿ ಬೇರೂರಿದೆ. ನಮಗೂ ಇದು ಅಪರಿಚಿತವಲ್ಲ. ಆಯುಧಪೂಜೆಯ ದಿನ ಲೇತ್ ಯಂತ್ರಕ್ಕೆ ಕುಂಕುಮವಿಟ್ಟು ಲಾರಿಯ ಮುಂದೆ ಬೂದುಗುಂಬಳ ಒಡೆಯುವ ನಾಡಿನವರು ಗಿಯರಿಗೆ ಕಣ್ಣು ಬಂದರೆ ಬೆಚ್ಚಬೇಕಾಗಿಲ್ಲ. ಕ್ಲಿಂಕ್ ಕುರಿತ ವಿವರ ಇನ್ನೂ ಸೊಗಸು. ಯಾವ ಗಿಯರಿಗೆ ಯಾವ ಗಿಯರು ಎಂಬುದು ಮೊದಲೇ ನಿಶ್ಚಯವಾಗಿರುತ್ತದಂತೆ, ಬೇರೆಯದರ ಜೊತೆ ಹಲ್ಲು ಕೂಡುವುದೇ ಇಲ್ಲವಂತೆ. ವರ್ಕ್‌ಶಾಪಿನಲ್ಲಿ ಬದಲಿ ಗಿಯರು ಹುಡುಕಿ ಸೋತವರಿಗೆ ಇದು ಕಲ್ಪನೆ ಎನಿಸುವುದಿಲ್ಲ.

ರುಸೈಲಿಗೆ ಸಲ್ಲುವ ಜೀವಿಯೊಂದನ್ನು ಆರಿಸಬೇಕಾದರೆ ನನ್ನ ಮತ ಕಾಂಕೆಲ್ಡರ್ ಕುಟುಂಬಕ್ಕೆ. ಮರಿಯಾಗಿದ್ದಾಗ ಮರದ ತೊಲೆ ಹೊತ್ತಿರುತ್ತದೆ, ಬೆಳೆದಂತೆ ಕಬ್ಬಿಣದ ಗರ್ಡರ್, ಕೊನೆಗೆ ಎರಡೂ ಕೈಯಲ್ಲಿ ಕಾಂಕ್ರೀಟ್ ಕಂಬ. ಎರಡು ಸಾವಿರ ವರ್ಷಗಳಿಗೂ ಹಿಂದೆ ಮನುಷ್ಯರಿಗೆ ಕಾಂಕ್ರೀಟ್ ಮಾಡುವುದನ್ನು ಕಲಿಸಿದ್ದು ಇದೇ ಇರಬೇಕು ಎಂಬ ನಂಬಿಕೆಯನ್ನು ಜೀವಿಕೋಶ ದಾಖಲಿಸುತ್ತದೆ. ಕಟ್ಟಡ ಕೆಲಸವನ್ನು ಪ್ರಕೃತಿಯ ಶತ್ರುವಾಗಿಸದೆ ಪ್ರಕೃತಿಯಿಂದ ಕಲಿತ ವಿದ್ಯೆಯಾಗಿಸಿದ ಈ ಒಂದು ಸಾಲು ಇಡೀ ಆಟದ ದೃಷ್ಟಿಯನ್ನು ಹೇಳಿಬಿಡುತ್ತದೆ. ಗಣಿಯ ಕಲ್ಲು ಸಿಮೆಂಟಾಗಿ, ಸಿಮೆಂಟು ಮಸ್ಕತ್ತಿನ ಗೋಡೆಗಳಾಗುವುದನ್ನು ದಿನವೂ ಕಾಣುವ ಊರಿನಲ್ಲಿ ಇದಕ್ಕಿಂತ ಒಪ್ಪುವ ಪುರಾಣ ಬೇರೆ ಬೇಕಾಗಿಲ್ಲ. ಹಾಗೆಂದು 156 ಹೊಸ ಜೀವಿಗಳೂ ಚೆನ್ನ ಎಂದು ನಾನು ಹೇಳುತ್ತಿಲ್ಲ. ಎಲೆ, ಬೆಂಕಿ, ನೀರು ಎಂದು ಹಂಚಿಟ್ಟ ಮೂರು ಕೋತಿಗಳು ಪಾಠಪುಸ್ತಕದ ಚಿತ್ರಗಳಂತೆ ನಿರ್ಜೀವ. ವೆನಿಲೈಟ್ ಹಿಮದ ಕಡ್ಡಿಯಿಂದ ಹುಟ್ಟಿತೆಂಬ ಸಮಜಾಯಿಷಿ ಕೇಳಿದ ಮೇಲೂ, ಅದು ಬೆಳೆದು ಎರಡು ತಲೆಯ ಐಸ್‌ಕ್ರೀಮ್ ಆಗುವುದು ಸೋಮಾರಿತನವೇ.

ಹಳೆಯ ಜೀವಿಗಳನ್ನು ಗೇಟಿನ ಹೊರಗೆ ನಿಲ್ಲಿಸಿದ್ದು ಹೆಚ್ಚು ಗಂಭೀರವಾದ ದೂರು. ಹಳಬರೂ ಹೊಸಬರೂ ಒಂದೇ ಗೆರೆಯಿಂದ ಓಟ ಶುರುಮಾಡಲಿ ಎಂಬುದು ನಿರ್ದೇಶಕ ಜುನಿಚಿ ಮಸುದಾ ಅವರ ಉದ್ದೇಶವಾಗಿತ್ತು. ಇದರ ಪರಿಣಾಮ ಆಡುವವರಿಗಷ್ಟೇ ತಿಳಿಯುವಂಥದು. ಹದಿನಾಲ್ಕು ವರ್ಷಗಳಲ್ಲಿ ಪೊಕೆಮಾನ್ ಆಡುವುದೆಂದರೆ ನೆನಪನ್ನು ಒಪ್ಪಿಸುವುದಾಗಿತ್ತು: ಈ ಜೀವಿಗೆ ನೀರು ಆಗದು, ಆ ಜೀವಿ ಇಂತಿಷ್ಟನೆಯ ಹಂತದಲ್ಲಿ ಬೆಳೆಯುತ್ತದೆ, ಇದನ್ನು ಹಿಡಿಯುವುದು ದಂಡ. ಯುನೊವಾದಲ್ಲಿ ಈ ವಿದ್ಯೆ ನಡೆಯದು. ಎದುರಿಗೆ ಬಂದದ್ದು ಏನು, ಯಾವುದಕ್ಕೆ ಅಂಜುತ್ತದೆ ಎಂದು ಪ್ರತಿಸಲ ನೋಡಿ, ಸೋತು, ಕಲಿಯಬೇಕು. ಹುಳ ಹಿಡಿಯುವ ಹುಡುಗನ ಮೊದಲ ದಿನದ ಅಜ್ಞಾನವನ್ನು ಸರಣಿ ಮತ್ತೆ ಸಂಪಾದಿಸಿಕೊಂಡದ್ದು ಹೀಗೆ. ಇದು ಬರೀ ವೇಷ ಬದಲಾವಣೆ ಎಂದು ಒಂದು ಆಕ್ಷೇಪವಿದೆ, ಅದರಲ್ಲಿ ಹುರುಳೂ ಇದೆ. ಗವಿಯಲ್ಲಿ ಜುಬ್ಯಾಟ್ ಎಂಬ ಬಾವಲಿಯ ಬದಲು ವೂಬ್ಯಾಟ್ ಎಂಬ ಬಾವಲಿ ಎದುರಾಗುತ್ತದೆ, ಜಿಯೊಡ್ಯೂಡ್ ಕಲ್ಲಿನ ಬದಲು ರೊಗೆನ್‌ರೋಲಾ ಕಲ್ಲು. ಆದರೆ ದೂರದ ನಾಡುಗಳಲ್ಲಿ ನಡೆಯುವುದು ಇದೇ ಅಲ್ಲವೇ? ಒಮಾನಿನ ಜಲ್ಲಿ ಬಯಲಲ್ಲಿ ಧಬ್ ಎಂಬ ಮುಳ್ಳುಬಾಲದ ಹಲ್ಲಿಯಿದೆ. ನೋಡಿದರೆ ನಮ್ಮ ಉಡದ ದಾಯಾದಿ ಎನಿಸುತ್ತದೆ, ತಿನ್ನುವುದು ಮಾತ್ರ ಸೊಪ್ಪುಸದೆ. ಅದನ್ನು ಉಡದ ನಕಲು ಎಂದವನು ಎರಡನ್ನೂ ಸರಿಯಾಗಿ ನೋಡಿಲ್ಲ.

2019ರಲ್ಲಿ ಇದೇ ಸರಣಿಯ ಸ್ವೋರ್ಡ್ ಮತ್ತು ಶೀಲ್ಡ್ ಬರುವ ಮೊದಲು, ಹಳೆಯ ಜೀವಿಗಳಲ್ಲಿ ಎಲ್ಲವನ್ನೂ ಹೊಸ ಆಟಕ್ಕೆ ತರಲಾಗದು ಎಂದು ಪ್ರಕಟಿಸಿದಾಗ ದೊಡ್ಡ ಗಲಾಟೆಯೇ ಆಯಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರಿದ್ದಾರೆ. ಅಲ್ಲಿ ಬಿಟ್ಟದ್ದಕ್ಕೆ ಕೆಲಸದ ಹೊರೆ ಕಾರಣ, ಕಥೆಗೂ ಅದಕ್ಕೂ ಸಂಬಂಧವಿರಲಿಲ್ಲ. ಬ್ಲ್ಯಾಕ್ ಮತ್ತು ವೈಟ್ ಆಟದಲ್ಲಿ ಎಲ್ಲ 649 ಜೀವಿಗಳಿಗೂ ಜಾಗವಿತ್ತು. ಕಥೆ ಮುಗಿದ ಮೇಲೆ ಹಳೆಯವನ್ನು ತರಿಸಿಕೊಳ್ಳಬಹುದಿತ್ತು. ಅಂದರೆ ಬಾಗಿಲು ಹಾಕಿದ್ದು ಬೇಕೆಂದೇ, ಕಥೆ ಒಂದು ಪ್ರಶ್ನೆಯನ್ನು ಕೇಳಿ ಮುಗಿಸುವವರೆಗೆ. ಆಟಗಾರನ ಕೈಯಲ್ಲಿ ಹಳೆಯ ಸಂಗ್ರಹ ಇದ್ದಿದ್ದರೆ ಆ ಪ್ರಶ್ನೆ ಅವನಿಗೆ ತಟ್ಟುತ್ತಲೇ ಇರಲಿಲ್ಲ. ಏಕೆಂದರೆ ಪ್ರಶ್ನೆ ಇದ್ದದ್ದು ಸಂಗ್ರಹದ ಬಗ್ಗೆಯೇ.

ಆ ಪ್ರಶ್ನೆಯನ್ನು ಕೇಳುವವನ ಹೆಸರು ಎನ್. ಜೀವಿಗಳ ನಡುವೆಯೇ, ಅದೂ ಮನುಷ್ಯರಿಂದ ಹಿಂಸೆ ಉಂಡ ಜೀವಿಗಳ ನಡುವೆಯೇ ಬೆಳೆದ ತರುಣ. ಅವುಗಳ ಮಾತು ಅವನಿಗೆ ಕೇಳಿಸುತ್ತದೆ. ಅವನು ರಾಜನಾಗಿರುವ ಟೀಮ್ ಪ್ಲಾಸ್ಮಾ ಎಂಬ ಗುಂಪು ಊರೂರಿನ ಚೌಕಗಳಲ್ಲಿ ನಿಂತು, ನಿಮ್ಮ ಜೀವಿಗಳನ್ನು ಬಿಡುಗಡೆ ಮಾಡಿ ಎಂದು ಭಾಷಣ ಮಾಡುತ್ತದೆ. ಹಿಂದಿನ ಆಟಗಳ ಖಳರು ಕಳ್ಳರೋ, ಲೋಕವನ್ನೇ ಬದಲಿಸಹೊರಟ ಹುಚ್ಚರೋ ಆಗಿದ್ದರು. ಆಟಗಾರ ಮಾಡುತ್ತಿರುವ ಕೆಲಸವೇ ತಪ್ಪಿರಬಹುದು ಎಂದು ಅವರಲ್ಲಿ ಯಾರೂ ಹೇಳಿರಲಿಲ್ಲ. ಎನ್ ಬರೀ ಹೇಳುವವನಲ್ಲ, ಆಡಿ ತೋರಿಸುವವನು. ಕೊನೆಯದನ್ನು ಬಿಟ್ಟರೆ ಪ್ರತಿ ಮುಖಾಮುಖಿಯಲ್ಲೂ ಅವನ ಬಳಿ ಇರುವುದು ಆ ಸೀಮೆಯಲ್ಲೇ ಸಿಗುವ ಜೀವಿಗಳು, ಮುಂದಿನ ಸಲ ಅವು ಇರುವುದಿಲ್ಲ. ಅವನು ಕೂಡಿಟ್ಟುಕೊಳ್ಳುವುದಿಲ್ಲ. ಮರಳು ಸೀಮೆಯ ಬಳಿ ಕಾದುವಾಗ ಸ್ಯಾಂಡೈಲ್ ಎಂಬ ಮರಳಿನ ಮೊಸಳೆ, ವಿದ್ಯುತ್ ತುಂಬಿದ ಗವಿಯಲ್ಲಿ ಕ್ಲಿಂಕ್. ಟೀಕಾಕಾರರು ಸಾಮಾನು ಎಂದು ನಕ್ಕ ಗಿಯರಿನ ಮಾತನ್ನೂ ಜೀವಿಗಳನ್ನು ಅತ್ಯಂತ ಪ್ರೀತಿಸುವವನು ಕೇಳಿಸಿಕೊಳ್ಳುತ್ತಾನೆ. ಇಲ್ಲಿ ಮೂರೂ ದೂರುಗಳು ಒಂದೇ ಜಾಗಕ್ಕೆ ಬಂದು ಕೂಡುತ್ತವೆ: ಹೊಸ ಜೀವಿಗಳಷ್ಟೇ ಇರುವ ಲೋಕ, ಅವುಗಳಲ್ಲಿ ಕೆಲವು ಜೀವಿಯೇ ಅಲ್ಲವೆಂದು ನಮಗೆ ಕಾಣುವಂಥವು, ಮತ್ತು ಅವನ್ನು ಇಟ್ಟುಕೊಳ್ಳುವ ಹಕ್ಕು ನಿನಗೆಲ್ಲಿಂದ ಬಂತು ಎಂಬ ಮಾತು.

ಕನ್ನಡದ ಓದುಗರಿಗೆ ಈ ಬಿಕ್ಕಟ್ಟು ಗೊತ್ತಿರುವುದೇ. 1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಒಂದು ಜೀವಿಯ ಬೆನ್ನುಹತ್ತಿದ ಕಾದಂಬರಿ. ವಿಜ್ಞಾನಿಯೂ ಹಳ್ಳಿಗ ಮಂದಣ್ಣನೂ ನಿರೂಪಕನೂ ಕೂಡಿ ಹುಡುಕುವ ಹಾರುವ ಓತಿ ಕೊನೆಯಲ್ಲಿ ಕೈಗೆ ದಕ್ಕುವುದಿಲ್ಲ, ಕಣಿವೆಗೆ ತೇಲಿ ಹೋಗುತ್ತದೆ. ದಕ್ಕದೆ ಹೋದದ್ದೇ ಆ ಕಾದಂಬರಿಗೆ ಪೂರ್ಣತೆ ಕೊಟ್ಟಿತು ಎಂದು ನಾಲ್ಕು ದಶಕದ ಓದುಗರು ಒಪ್ಪಿದ್ದಾರೆ. ಪೊಕೆಮಾನ್‌ಗೆ ಆ ಸ್ವಾತಂತ್ರ್ಯವಿಲ್ಲ. ಎಲ್ಲವನ್ನೂ ಹಿಡಿ ಎಂಬುದೇ ಅದರ ಘೋಷಣೆ, ಅದರ ವ್ಯಾಪಾರ. ತನ್ನ ಅನ್ನದ ಬಟ್ಟಲನ್ನೇ ಪ್ರಶ್ನಿಸುವ ಪಾತ್ರವನ್ನು ನಡುಮನೆಗೆ ಕರೆದು ಕೂರಿಸಿದ್ದು ಅಷ್ಟರ ಮಟ್ಟಿಗೆ ಧೈರ್ಯವೇ. ತಮಾಷೆಯೆಂದರೆ, 2012ರ ಅಕ್ಟೋಬರಿನಲ್ಲಿ ಮುಂದುವರಿದ ಭಾಗ ಅಮೆರಿಕಕ್ಕೆ ಬಂದಾಗ ಪ್ರಾಣಿದಯೆಯ ಪೆಟಾ ಸಂಘಟನೆ ಅಣಕು ಆಟವೊಂದನ್ನು ಮಾಡಿ, ಪೊಕೆಮಾನ್ ಪ್ರಾಣಿಹಿಂಸೆ ಕಲಿಸುತ್ತದೆ ಎಂದು ಆರೋಪಿಸಿತು. ಆ ಆರೋಪವನ್ನು ಅದಕ್ಕಿಂತ ಚೆನ್ನಾಗಿ, ಎರಡು ವರ್ಷ ಮೊದಲೇ, ಆಟದೊಳಗಿನ ಪಾತ್ರವೇ ಮಾಡಿ ಮುಗಿಸಿತ್ತು.

ಕಾದಾಡಿಸುವುದರ ಬಗ್ಗೆ ಎರಡು ಮಾತು ಬೇಕು. ರುಸೈಲ್ ಇರುವ ಸೀಬ್ ಸೀಮೆಯಲ್ಲೂ ಅದರಾಚೆಯ ಬರ್ಕಾದಲ್ಲೂ ಗೂಳಿ ಕಾಳಗದ ಸಂಪ್ರದಾಯವಿದೆ. ಎರಡು ಗೂಳಿಗಳು ತಲೆಗೆ ತಲೆ ಕೊಟ್ಟು ನೂಕುತ್ತವೆ, ಹಿಂದೆ ಸರಿದದ್ದು ಸೋತಂತೆ, ಕೊಲ್ಲುವ ಮಾತಿಲ್ಲ. ನಮ್ಮ ಕರಾವಳಿಯ ಕೋಳಿ ಅಂಕದಲ್ಲಿ ಕಾಲಿಗೆ ಕತ್ತಿ ಕಟ್ಟುತ್ತಾರೆ. ಕಂಬಳದ ವಿಷಯವಂತೂ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ನಡೆಯಿತು. ಜಲ್ಲಿಕಟ್ಟು ಕುರಿತ 2014ರ ಸುಪ್ರೀಂ ಕೋರ್ಟ್ ತೀರ್ಪಿನ ಬೆನ್ನಿಗೆ 2016ರಲ್ಲಿ ಕಂಬಳಕ್ಕೆ ಹೈಕೋರ್ಟಿನ ತಡೆ ಬಂತು, 2017ರಲ್ಲಿ ರಾಜ್ಯ ಕಾನೂನಿಗೆ ತಿದ್ದುಪಡಿ ತಂದಿತು, 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಆ ಚರ್ಚೆಯುದ್ದಕ್ಕೂ ಒಂದು ಕಡೆಯವರು ಹೇಳಿದ್ದು, ಕೋಣಗಳನ್ನು ಮಕ್ಕಳಂತೆ ಸಾಕುತ್ತೇವೆ, ಓಡುವುದು ಅವಕ್ಕೂ ಇಷ್ಟ. ಇನ್ನೊಂದು ಕಡೆಯವರು ಕೇಳಿದ್ದು, ಇಷ್ಟ ಎಂದು ನಿಮಗೆ ಹೇಳಿದವರು ಯಾರು? ಬ್ಲ್ಯಾಕ್ ಮತ್ತು ವೈಟ್ ಈ ಎರಡೂ ಮಾತನ್ನು ಮಕ್ಕಳ ಭಾಷೆಯಲ್ಲಿ ಎದುರುಬದುರು ನಿಲ್ಲಿಸುತ್ತದೆ. ಮೊದಲ ಭೇಟಿಯಲ್ಲೇ ಆಟಗಾರನ ಜೀವಿಯ ಮಾತು ಕೇಳಿ ಎನ್ ತಬ್ಬಿಬ್ಬಾಗುತ್ತಾನೆ. ಈ ಜೀವಿ ತನ್ನ ಒಡನಾಡಿಯನ್ನು ಬಿಟ್ಟುಹೋಗಲು ಬಯಸುತ್ತಿಲ್ಲ. ಅವನ ಸಿದ್ಧಾಂತಕ್ಕೆ ಬಿದ್ದ ಮೊದಲ ಪೆಟ್ಟು ಅದು, ವಾದದಿಂದ ಬಿದ್ದದ್ದಲ್ಲ, ಸಾಕ್ಷಿಯಿಂದ.

ಈಗ ಬಲವಾದ ಆಕ್ಷೇಪಕ್ಕೆ ಬರೋಣ. ಕೊನೆಯಲ್ಲಿ ಗೊತ್ತಾಗುವುದೇನೆಂದರೆ, ಎನ್‌ನನ್ನು ಸಾಕಿದ ಗೆಟ್ಸಿಸ್ ಮಹಾ ಮೋಸಗಾರ. ಎಲ್ಲರೂ ಜೀವಿಗಳನ್ನು ಬಿಟ್ಟುಕೊಟ್ಟರೆ ತಾನೊಬ್ಬನೇ ಬಲಶಾಲಿಯಾಗಿ ಉಳಿಯಬಹುದೆಂಬುದು ಅವನ ಲೆಕ್ಕ. ಖಳನನ್ನು ಸುಳ್ಳನನ್ನಾಗಿಸಿ ಪ್ರಶ್ನೆಯಿಂದ ಜಾರಿಕೊಂಡರು ಎಂದು ಅನೇಕರು ಬರೆದಿದ್ದಾರೆ. ಭಾಗಶಃ ನಿಜ. ಆಟ ಮುಗಿದ ಮೇಲೂ ನಾವು ಮೊದಲಿನಂತೆಯೇ ಹಿಡಿಯುತ್ತಾ ಹೋಗುತ್ತೇವೆ, ಯಾರೂ ತಡೆಯುವುದಿಲ್ಲ. ಆದರೆ ಗೆಟ್ಸಿಸ್‌ನ ಮೋಸದಿಂದ ಎನ್‌ನ ಮಾತು ಸುಳ್ಳಾಗುವುದಿಲ್ಲ, ದುರುಪಯೋಗವಾದ ಸತ್ಯ ಸತ್ಯವೇ. ಆಟದ ರಚನೆಯೂ ಇದನ್ನು ಬಲ್ಲದು. ಸತ್ಯವನ್ನು ಪ್ರತಿನಿಧಿಸುವ ಬಿಳಿಯ ರೆಶಿರಾಮ್, ಆದರ್ಶವನ್ನು ಪ್ರತಿನಿಧಿಸುವ ಕಪ್ಪು ಝೆಕ್ರೊಮ್ ಎಂಬ ಎರಡು ಡ್ರ್ಯಾಗನ್‌ಗಳಿವೆ. ಬ್ಲ್ಯಾಕ್ ಕೊಂಡವನಿಗೆ ರೆಶಿರಾಮ್ ಒಲಿಯುತ್ತದೆ, ಎನ್‌ನ ಪಕ್ಕ ಝೆಕ್ರೊಮ್ ನಿಲ್ಲುತ್ತದೆ. ವೈಟ್ ಕೊಂಡವನಿಗೆ ಇದೇ ತಿರುವುಮುರುವು. ಎರಡು ಪ್ರತಿ ಮಾರುವ ಹಳೆಯ ವ್ಯಾಪಾರದ ಜಾಣ್ಮೆಗೆ ಇಲ್ಲಿ ಅರ್ಥ ಬಂತು: ನಿನ್ನ ಪ್ರತಿಯಲ್ಲಿ ಎನ್ ಯಾವುದನ್ನು ಹಿಡಿದು ನಿಂತಿದ್ದಾನೋ, ಗೆಳೆಯನ ಪ್ರತಿಯಲ್ಲಿ ಅದನ್ನು ಹಿಡಿದವನು ನೀನೇ. ಮುಂದುವರಿದ ಭಾಗದಲ್ಲಿ ಟೀಮ್ ಪ್ಲಾಸ್ಮಾ ಎರಡು ಹೋಳಾಗುತ್ತದೆ. ಪಶ್ಚಾತ್ತಾಪಪಟ್ಟವರು ಬಿಡುಗಡೆಯ ಹೆಸರಲ್ಲಿ ಕಸಿದ ಜೀವಿಗಳನ್ನು ಸಾಕುತ್ತಾ, ಅವುಗಳ ಹಳೆಯ ಮನೆಯವರನ್ನು ಹುಡುಕುತ್ತಾ ಕುಳಿತಿರುತ್ತಾರೆ. ತಂಗಿಯ ಬೆಕ್ಕನ್ನು ಐದು ವರ್ಷದ ಹಿಂದೆ ಕಳೆದುಕೊಂಡ ಹುಡುಗನೊಬ್ಬ ಸಿಟ್ಟಿನಿಂದ ಕುದಿಯುತ್ತಿರುತ್ತಾನೆ. ಜಾರಿಕೊಳ್ಳುವವರು ಹೀಗೆ ಲೆಕ್ಕ ಒಪ್ಪಿಸಲು ಹಿಂದಿರುಗಿ ಬರುವುದಿಲ್ಲ.

ಎರಡು ಪ್ರತಿಗಳ ಈ ಇಬ್ಭಾಗ ಭೂಗೋಳಕ್ಕೂ ಇಳಿದಿದೆ. ಕೊಲ್ಲಿಯನ್ನು ಬಲ್ಲವರು ನಿಂತು ನೋಡಬೇಕಾದ ಭಾಗ ಇದೇ. ವೈಟ್ ಆಟದಲ್ಲಿ ಕಾಡು ಇರುವ ಜಾಗದಲ್ಲಿ ಬ್ಲ್ಯಾಕ್ ಆಟದಲ್ಲಿ ಬ್ಲ್ಯಾಕ್ ಸಿಟಿ ಎಂಬ ನಗರ, ಹಣ ಮಾಡಲೆಂದು ಜನ ಬಂದು ಸೇರುವ ಊರು. ಅಲ್ಲಿಗೆ ಜನರನ್ನು ಕರೆತರಲು ಬೇರೆ ಆಟಗಾರರ ಯಂತ್ರಕ್ಕೆ ನಮ್ಮದನ್ನು ಬೆಸೆಯಬೇಕು. ಯಾರ ಸಂಪರ್ಕವೂ ಇಲ್ಲದೆ ದಿನ ಕಳೆದರೆ ನಿವಾಸಿಗಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟುತ್ತಾರೆ, ಕೊನೆಗೆ ಊರು ಖಾಲಿ. ಹೊರಗಿನಿಂದ ಬರುವವರನ್ನೇ ನಂಬಿ ನಿಂತ ಊರಿನ ಅರ್ಥಶಾಸ್ತ್ರವನ್ನು ಇಷ್ಟು ಸಣ್ಣ ಕೀಲಿನಲ್ಲಿ ತೋರಿಸಿದ ಆಟ ಅಪರೂಪ. ಮರುಭೂಮಿಯ ನಾಲ್ಕನೇ ದಾರಿಯೂ ಹಾಗೆಯೇ. ಮೊದಲ ಆಟದಲ್ಲಿ ಅಲ್ಲಿ ರಸ್ತೆ ಕಾಮಗಾರಿ, ಕಾರ್ಮಿಕರು, ಮರಳಿನಲ್ಲಿ ಮೊಸಳೆಗಳು. ಮುಂದುವರಿದ ಭಾಗದ ಬ್ಲ್ಯಾಕ್ ಪ್ರತಿಯಲ್ಲಿ ಅಲ್ಲಿ ಮನೆಗಳ ಸಾಲು ಎದ್ದಿದೆ, ವೈಟ್ ಪ್ರತಿಯಲ್ಲಿ ಅಗೆಯುವಾಗ ಹಳೆಯ ಅವಶೇಷಗಳು ಸಿಕ್ಕಿ ಕಟ್ಟಡ ನಿಂತಿದೆ. ಯಾವುದು ಸರಿ ಎಂದು ಆಟ ತೀರ್ಪು ಕೊಡುವುದಿಲ್ಲ, ಕೊಡದಿರುವುದೇ ಒಳ್ಳೆಯದಾಯಿತು.

ದೋಷವೇ ಇಲ್ಲವೆಂದಲ್ಲ. ಯುನೊವಾದ ನಕ್ಷೆ ಒಂದು ಉಂಗುರ, ಅದನ್ನು ಒಂದೇ ದಿಕ್ಕಿನಲ್ಲಿ ಸುತ್ತಬೇಕು. ಅಡ್ಡದಾರಿ ಹಿಡಿದರೆ ಯಾರೋ ಕ್ಷುಲ್ಲಕ ನೆಪ ಹೇಳಿ ತಡೆಯುತ್ತಾರೆ. ಸ್ವಾತಂತ್ರ್ಯದ ಬಗ್ಗೆ ಇಷ್ಟು ಮಾತಾಡುವ ಆಟ ಆಟಗಾರನ ಕೈಹಿಡಿದು ನಡೆಸುವುದು ಹಾಸ್ಯಾಸ್ಪದ, ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಎನ್‌ನ ಸಂಭಾಷಣೆ ಎಷ್ಟೋ ಕಡೆ ಘೋಷಣೆಯಾಗಿಬಿಡುತ್ತದೆ. ಸರಣಿಯಲ್ಲಿ ಮೊದಲ ಬಾರಿಗೆ ತಂದ ಋತುಗಳು ತಿಂಗಳಿಗೊಂದರಂತೆ ಬದಲಾಗುವುದರಿಂದ ವರ್ಷಕ್ಕೆ ಮೂರು ಚಳಿಗಾಲ ಬರುತ್ತವೆ. ಆಗಸ್ಟಿನ ಒಮಾನಿನಲ್ಲಿ ಕುಳಿತವರಿಗೆ ಪರದೆಯ ಮೇಲೆ ಹಿಮ ಸಿಗುವುದೊಂದು ಲಾಭ ಎನ್ನಬಹುದು!

ಈ ಮರುಮೌಲ್ಯಮಾಪನವೆಲ್ಲ ಬರೀ ಹಳೆಯ ನೆನಪಿನ ಮೋಹ, 2011ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ದೊಡ್ಡವರಾಗಿ ಬರೆಯುತ್ತಿದ್ದಾರೆ, ಅಷ್ಟೇ ಎಂಬ ವಾದವೂ ಇದೆ. ತಲೆಮಾರು ಬದಲಾದದ್ದು ನಿಜ. ವ್ಯಾಪಾರಿಗಳೂ ಅದನ್ನು ಬಲ್ಲರು. 2025ರ ಫೆಬ್ರುವರಿಯಲ್ಲಿ ಪೊಕೆಮಾನ್ ಗೋ ಯುನೊವಾಕ್ಕೆಂದೇ ದೊಡ್ಡ ಉತ್ಸವ ಮಾಡಿತು. ಅದೇ ವರ್ಷದ ಜುಲೈನಲ್ಲಿ ಬಂದ ಕಾರ್ಡುಗಳ ಜೋಡಿ ಕಂತು 156 ಜೀವಿಗಳಿಗೂ ವಿಶೇಷ ಚಿತ್ರ ಬರೆಸಿತು, ಕಸದ ಚೀಲವನ್ನೂ ಬಿಡಲಿಲ್ಲ. ಆದರೆ ಮೋಹ ಜನ ಯಾಕೆ ಹಿಂದಿರುಗುತ್ತಾರೆ ಎಂಬುದನ್ನು ವಿವರಿಸೀತೇ ಹೊರತು, ಹಿಂದಿರುಗಿದಾಗ ಏನು ಸಿಗುತ್ತದೆ ಎಂಬುದನ್ನಲ್ಲ. ಹಳೆಯ ನೆನಪೇ ಕಾರಣವಾಗಿದ್ದರೆ, 2010ರಲ್ಲಿ ಈ ಆಟವನ್ನು ಹೀಗಳೆದದ್ದೂ ನೆನಪಿನ ಮೋಹದಿಂದಲೇ ಎಂದು ಒಪ್ಪಬೇಕಾಗುತ್ತದೆ. ಆಗ ಎರಡು ತೀರ್ಪುಗಳೂ ಒಂದನ್ನೊಂದು ಹೊಡೆದುಹಾಕಿ, ಉಳಿಯುವುದು ಆಟ ಮಾತ್ರ. ಆ ಆಟವನ್ನು ಬಾಲ್ಯದ ನೆನಪಿಲ್ಲದವರು ಇಂದು ಆಡಿದರೂ ಕಾಂಕೆಲ್ಡರ್ ಕಾಂಕ್ರೀಟ್ ಕಲಿಸಿಯೇ ಇರುತ್ತದೆ, ಎನ್ ತನ್ನ ಗಿಯರನ್ನು ಬಿಟ್ಟು ಹೋಗಿಯೇ ಇರುತ್ತಾನೆ.

ತೊಡಕೆಂದರೆ, ಆಡುವುದೇ ಕಷ್ಟವಾಗಿದೆ. ಡಿಎಸ್ ಯಂತ್ರದ ಆನ್‌ಲೈನ್ ಸೇವೆ 2014ರ ಮೇ ತಿಂಗಳಲ್ಲಿ ನಿಂತಿತು. ಆಟವನ್ನು ಹೊಸ ಯಂತ್ರಗಳಿಗೆ ಈವರೆಗೆ ತಂದಿಲ್ಲ. ಹಳೆಯ ಕಾರ್ಟ್ರಿಜ್‌ಗಳು ದುಬಾರಿ, ನಕಲಿಗಳೂ ಧಾರಾಳ. ಇನ್‌ಫ್ರಾರೆಡ್ ಭಾಗ ಒಳಗಿರುವುದರಿಂದ ಅಸಲಿಯ ಪ್ಲಾಸ್ಟಿಕ್ ಕಪ್ಪಾಗಿದ್ದರೂ ಬೆಳಕಿಗೆ ಹಿಡಿದಾಗ ಸ್ವಲ್ಪ ಪಾರದರ್ಶಕವಾಗಿ ಕಾಣುತ್ತದೆ, ಕೊಳ್ಳುವವರು ನೋಡಬೇಕಾದ ಗುರುತು ಅದು. ಇನ್ನು ಸರಣಿಯ ಹಿಂದಿನ ನಾಲ್ಕೂ ನಾಡುಗಳ ಆಟಗಳನ್ನು ಒಂದೊಂದಾಗಿ ಮರುನಿರ್ಮಿಸಲಾಗಿದೆ, ನಾಲ್ಕನೆಯದು ಬಂದದ್ದು 2021ರ ನವೆಂಬರಿನಲ್ಲಿ. ಸರದಿಯಲ್ಲಿ ಮುಂದಿನದು ಯುನೊವಾ. ಹಾಗೊಂದು ಮರುನಿರ್ಮಾಣ ಬಂದರೆ ಚಿತ್ರಗಳು ಹೊಳೆಯುವುದರಲ್ಲಿ, ನಕ್ಷೆ ಹಿಗ್ಗುವುದರಲ್ಲಿ ಸಂಶಯವಿಲ್ಲ. ಅಭಿಮಾನಿಗಳನ್ನು ಮೆಚ್ಚಿಸಲು ಹಳೆಯ ಜೀವಿಗಳನ್ನು ಮೊದಲ ಊರಿನಿಂದಲೇ ಒಳಬಿಡುವ ಒತ್ತಡವೂ ಖಂಡಿತ ಇರುತ್ತದೆ. ಕಥೆ ಮುಗಿಯುವ ಮೊದಲೇ ಪಿಕಾಚುವನ್ನು ಒಳಗೆ ಬಿಟ್ಟರೆ, ಎನ್ ಕೇಳುವ ಪ್ರಶ್ನೆಯನ್ನು ಅಲ್ಲೇ ತೆಗೆದುಹಾಕಿದರೂ ನಡೆಯುತ್ತದೆ.